ಟೇಕ್ವಾಂಡೊ: ಬಿಳಿ ಬೆಲ್ಟ್‌ನಿಂದ ಕಪ್ಪು ಬೆಲ್ಟ್‌ವರೆಗೆ ಮಕ್ಕಳ ಕೈ ಬಿಡದಿರೋಣ

(ವಾರ್ಷಿಕ ಮಹಾಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟಿನ ಶಿಕ್ಷಣ ಸಮಿತಿಯ ಪರವಾಗಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಪ್ರತಿ ವರ್ಷ ಈ ವೇದಿಕೆಯಿಂದ ನಾವು ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳ ಬಗ್ಗೆ ಮಾತಾಡುವುದು ವಾಡಿಕೆ. ಈ ವರ್ಷ ಅದರ ಜೊತೆಗೆ ಇನ್ನೊಂದು ವಿಷಯ ಹೇಳಬೇಕಾಗಿದೆ. ವಿದ್ಯಾರ್ಥಿವೇತನದ ಅರ್ಜಿಗಳ ನಡುವೆ ಟೇಕ್ವಾಂಡೊ ತರಗತಿಯ ಶುಲ್ಕಕ್ಕೆ, ಬೆಲ್ಟ್ ಪರೀಕ್ಷೆಯ ಶುಲ್ಕಕ್ಕೆ ನೆರವು ಕೇಳಿದ ಅರ್ಜಿಗಳೂ ಇದ್ದವು. ಸಮಿತಿಯಲ್ಲಿ ಎರಡು ಅಭಿಪ್ರಾಯ ಬಂತು. ಕಾಲೇಜು ಫೀಸಿಗೇ ಸಾಲದ ಹಣವನ್ನು ಆಟಕ್ಕೆ ಕೊಡುವುದು ಸರಿಯೇ ಎಂದು ಕೆಲವರು ಕೇಳಿದರು. ಬಡವರ ಮಕ್ಕಳು ಬರೀ ಪುಸ್ತಕ ಓದಿದರೆ ಸಾಕು, ಆಟ, ವ್ಯಾಯಾಮ ಎಲ್ಲ ಉಳ್ಳವರ ಮಕ್ಕಳಿಗೆ ಎಂದು ನಾವೇ ತೀರ್ಮಾನಿಸುವುದು ನ್ಯಾಯವೇ ಎಂದು ಉಳಿದವರು ಕೇಳಿದರು. ಎರಡೂ ಗೌರವಿಸಬೇಕಾದ ಮಾತೇ. ಆದ್ದರಿಂದ ಈ ಕಲಿಕೆ ಎಂದರೇನು, ಬೆಲ್ಟ್ ಎಂದರೇನು, ನೆರವು ಎಲ್ಲಿ ನಿಜವಾಗಿ ಬೇಕಾಗುತ್ತದೆ ಎಂಬುದನ್ನು ನಾವು ವಿಚಾರಿಸಿ ನೋಡಿದೆವು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇವೆ.

ಟೇಕ್ವಾಂಡೊ ಕೊರಿಯಾ ದೇಶದ ಕಲೆ. 'ಟೇ' ಎಂದರೆ ಕಾಲು, 'ಕ್ವಾನ್' ಎಂದರೆ ಮುಷ್ಟಿ, 'ಡೊ' ಎಂದರೆ ದಾರಿ. ಕೈಕಾಲುಗಳ ಮೂಲಕ ನಡೆಯುವ ಒಂದು ಶಿಸ್ತಿನ ದಾರಿ ಎಂದು ಅರ್ಥ ಮಾಡಿಕೊಳ್ಳಬಹುದು. ಈ ಹೆಸರು ಬಳಕೆಗೆ ಬಂದದ್ದು 1955ರಲ್ಲಿ. ಸಿಯೋಲ್ ನಗರದಲ್ಲಿ ಇದರ ಕೇಂದ್ರವಾದ ಕುಕ್ಕಿವಾನ್ 1972ರಲ್ಲಿ ತೆರೆಯಿತು. ಮರುವರ್ಷ, 1973ರಲ್ಲಿ, ಇದರ ವಿಶ್ವ ಒಕ್ಕೂಟ ಹುಟ್ಟಿತು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದು, 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಕ್ರೀಡೆಯಾಯಿತು. ನಮ್ಮ ದೇಶದ ಶಾಲಾ ಕ್ರೀಡಾಕೂಟಗಳಲ್ಲೂ ಇದಕ್ಕೆ ಸ್ಥಾನವಿದೆ.

ಇನ್ನು ಬೆಲ್ಟ್. ಬೆಲ್ಟ್‌ನಿಂದ ಕಲಿಕೆಯ ಹಂತ ತೋರಿಸುವ ಪದ್ಧತಿ ಬಂದದ್ದು ಜಪಾನಿನ ಜೂಡೊದಿಂದ. ಜೂಡೊ ಸ್ಥಾಪಿಸಿದ ಜಿಗೊರೊ ಕಾನೊ ವೃತ್ತಿಯಲ್ಲಿ ಶಿಕ್ಷಕರು. ಟೋಕಿಯೊದಲ್ಲಿ ಶಿಕ್ಷಕರನ್ನು ತಯಾರು ಮಾಡುವ ದೊಡ್ಡ ವಿದ್ಯಾಸಂಸ್ಥೆಯ ಪ್ರಾಂಶುಪಾಲರಾಗಿದ್ದವರು. 1880ರ ದಶಕದಲ್ಲಿ ಅವರ ಹಿರಿಯ ಶಿಷ್ಯರು ಕಪ್ಪು ಬೆಲ್ಟ್ ಕಟ್ಟತೊಡಗಿದರು. ಬಣ್ಣಬಣ್ಣದ ಬೆಲ್ಟ್‌ಗಳು ಆಮೇಲೆ ಸೇರಿಕೊಂಡವು. ಕರಾಟೆ, ಟೇಕ್ವಾಂಡೊ ಎರಡೂ ಇದನ್ನು ತೆಗೆದುಕೊಂಡವು. ಅಂದರೆ ಬೆಲ್ಟ್ ಎಂಬುದು ಒಬ್ಬ ಮೇಷ್ಟ್ರ ತಲೆಯಿಂದ ಬಂದ ಮೌಲ್ಯಮಾಪನದ ವಿಧಾನ. ಮಗು ಎಲ್ಲಿದೆ, ಮುಂದೆ ಏನು ಕಲಿಸಬೇಕು ಎಂಬುದು ನೋಡಿದ ಕೂಡಲೇ ಗುರುವಿಗೆ ತಿಳಿಯಬೇಕು, ಅಷ್ಟೇ.

ಈ ಸಭೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ, ಶಿಕ್ಷಕಿಯರಿದ್ದೀರಿ. ನಿಮಗೆ ನಲಿ-ಕಲಿ ಗೊತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ಆ ಪದ್ಧತಿಯಲ್ಲಿ ಕಲಿಕಾ ಏಣಿ ಇದೆ, ಮೆಟ್ಟಿಲುಗಳಿವೆ, ಮೈಲಿಗಲ್ಲುಗಳಿವೆ. ಪ್ರತಿ ಮಗು ತನ್ನ ವೇಗದಲ್ಲಿ ಹತ್ತುತ್ತದೆ. ಪಕ್ಕದ ಮಗು ಮುಂದೆ ಹೋಯಿತು ಎಂದು ಇದನ್ನು ಎತ್ತಿ ಮೇಲೆ ಕೂರಿಸುವಂತಿಲ್ಲ. ಮದ್ರಸದಲ್ಲೂ ಹಾಗೆಯೇ. ಅಲಿಫ್, ಬಾ ಸರಿಯಾಗಿ ಗುರುತಿಸದ ಮಗುವಿಗೆ ಯಾವ ಉಸ್ತಾದರೂ ಮುಂದಿನ ಪಾಠ ಕೊಡುವುದಿಲ್ಲ. ಬೆಲ್ಟ್ ಕೂಡ ಅಂಥದೇ ಏಣಿ.

ಟೇಕ್ವಾಂಡೊದಲ್ಲಿ ಮುಖ್ಯ ಬಣ್ಣಗಳು ಬಿಳಿ, ಹಳದಿ, ಹಸಿರು, ನೀಲಿ, ಕೆಂಪು, ಕಪ್ಪು. ಕಪ್ಪಿಗೆ ಮೊದಲಿನ ಹಂತಗಳಿಗೆ 'ಗುಪ್' ಎನ್ನುತ್ತಾರೆ. ಹತ್ತನೇ ಗುಪ್‌ನಿಂದ ಆರಂಭಿಸಿ ಒಂದನೇ ಗುಪ್‌ಗೆ ಇಳಿಯುತ್ತ ಬರಬೇಕು. ಅದಕ್ಕಾಗಿಯೇ ಎರಡು ಬಣ್ಣಗಳ ನಡುವೆ ಅರ್ಧ ಹಳದಿ ಅರ್ಧ ಹಸಿರು ಎಂಬಂಥ ಬೆಲ್ಟ್‌ಗಳೂ ಇರುತ್ತವೆ. ಬಣ್ಣಗಳಿಗೆ ಕೊಡುವ ಅರ್ಥ ನಮ್ಮ ರೈತರಿಗೆ ಬೇಗ ಹಿಡಿಸುತ್ತದೆ. ಬಿಳಿ ಎಂದರೆ ಇನ್ನೂ ಏನೂ ಬಿತ್ತದ ಸ್ಥಿತಿ. ಹಳದಿ ಎಂದರೆ ಬೇರು ಬಿಡುವ ಮಣ್ಣು. ಹಸಿರು ಎಂದರೆ ಚಿಗುರಿದ ಗಿಡ. ನೀಲಿ ಎಂದರೆ ಗಿಡ ತಲೆಯೆತ್ತಿ ನೋಡುವ ಆಕಾಶ. ಕೆಂಪು ಎಂದರೆ ಎಚ್ಚರಿಕೆ: ಈಗ ನಿನ್ನ ಒದೆತಕ್ಕೆ ಬಲ ಬಂದಿದೆ, ಇನ್ನು ನಿನ್ನ ಕೋಪವನ್ನು ನೀನೇ ಹಿಡಿದುಕೊಳ್ಳಬೇಕು. ಕಪ್ಪು ಎಂದರೆ ಬಿಳಿಯ ಎದುರು, ಮಾಗಿದ ಸ್ಥಿತಿ.

ಮೊದಲ ತಿಂಗಳುಗಳಲ್ಲಿ ಮಗು ನೇರವಾಗಿ ನಿಲ್ಲುವುದನ್ನು ಕಲಿಯುತ್ತದೆ. 'ಚಾರ್ಯೊತ್' ಎಂದರೆ ಸಾವಧಾನ, 'ಜುಂಬಿ' ಎಂದರೆ ಸಿದ್ಧವಾಗು, 'ಶಿಜಾಕ್' ಎಂದರೆ ಆರಂಭಿಸು. 'ಹಾನಾ, ದುಲ್, ಸೆತ್' ಎಂದು ಕೊರಿಯನ್ ಭಾಷೆಯಲ್ಲಿ ಎಣಿಸುತ್ತ ಮುಷ್ಟಿ ಕಟ್ಟುವುದು, ತಡೆಯುವುದು, ಮುಂದಕ್ಕೆ ಒದೆಯುವುದು. ಆಮೇಲೆ 'ಪೂಮ್ಸೆ' ಬರುತ್ತದೆ. ಎದುರಿನಲ್ಲಿ ಯಾರೂ ಇಲ್ಲದೆ, ಇದ್ದಾರೆಂದು ಭಾವಿಸಿ, ಹೆಜ್ಜೆ, ತಡೆ, ಏಟುಗಳನ್ನು ಕ್ರಮವಾಗಿ ಮಾಡುವ ಪಾಠ ಅದು. ಕುಕ್ಕಿವಾನ್ ಪದ್ಧತಿಯಲ್ಲಿ ಬಣ್ಣದ ಬೆಲ್ಟ್‌ಗಳಿಗೆ 'ಟೇಗುಕ್' ಎಂಬ ಎಂಟು ಪೂಮ್ಸೆಗಳಿವೆ. ಒಂದೊಂದು ಹಂತಕ್ಕೆ ಒಂದೊಂದು ಸೇರುತ್ತ ಹೋಗುತ್ತದೆ. ಹಿಂದಿನದನ್ನು ಮರೆಯುವಂತಿಲ್ಲ. ಜೊತೆಗೆ ಎದುರಾಳಿಯೊಡನೆ ಆಡುವ 'ಕ್ಯೊರುಗಿ' ಇದೆ. ಅದರಲ್ಲಿ ಎದೆಕವಚದ ಮೇಲೆ ಸರಿಯಾದ ಮುಷ್ಟಿ ಏಟಿಗೆ 1 ಅಂಕ, ಒದೆತಕ್ಕೆ 2, ತಲೆಗೆ ತಾಗುವ ಒದೆತಕ್ಕೆ 3. ಮುಖಕ್ಕೆ ಗುದ್ದುವಂತಿಲ್ಲ.

ಈಗ ಪೋಷಕರು ಗಮನವಿಟ್ಟು ಕೇಳಬೇಕು. ಕ್ರಮವಾಗಿ ಕಲಿತರೆ ಬಿಳಿಯಿಂದ ಕಪ್ಪಿಗೆ ಬರಲು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬೇಕು. ಕಪ್ಪು ಬಂದರೆ ಮುಗಿಯಿತು ಎಂದೂ ಇಲ್ಲ. ಅಲ್ಲಿಂದ 'ಡಾನ್' ಎಂಬ ಹಂತಗಳು ಆರಂಭ. ಕುಕ್ಕಿವಾನ್ ನಿಯಮದಲ್ಲಿ ಒಂದನೇ ಡಾನ್‌ನಿಂದ ಎರಡಕ್ಕೆ ಕನಿಷ್ಠ 1 ವರ್ಷ, ಎರಡರಿಂದ ಮೂರಕ್ಕೆ 2 ವರ್ಷ, ಮೂರರಿಂದ ನಾಲ್ಕಕ್ಕೆ 3 ವರ್ಷ ಕಾಯಬೇಕು. 15 ವರ್ಷದೊಳಗಿನ ಮಕ್ಕಳಿಗೆ ಡಾನ್ ಕೊಡುವುದಿಲ್ಲ, 'ಪೂಮ್' ಕೊಡುತ್ತಾರೆ. ಅವರ ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು. ವಯಸ್ಸು ತುಂಬಿದ ಮೇಲೆ ಅದನ್ನು ಡಾನ್ ಆಗಿ ಬದಲಿಸಿಕೊಳ್ಳಬಹುದು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಮ್ಮ ಬಳಿಗೆ ಒಬ್ಬ ಹುಡುಗನನ್ನು ಅವನ ತಂದೆ ಕರೆದುಕೊಂಡು ಬಂದಿದ್ದರು. ಆರನೇ ತರಗತಿ. ಎಂಟು ತಿಂಗಳ ತರಬೇತಿ, ಸೊಂಟದಲ್ಲಿ ಅಚ್ಚ ಕಪ್ಪು ಬೆಲ್ಟ್, ಕೈಯಲ್ಲಿ ಚೌಕಟ್ಟು ಹಾಕಿಸಿದ ಪ್ರಮಾಣಪತ್ರ. ತಂದೆ ಆಟೊ ಓಡಿಸುವವರು, ಪ್ರತಿ ಪರೀಕ್ಷೆಗೂ ಸಾಲ ಮಾಡಿ ಕಟ್ಟಿದ್ದರು. ಮೊದಲನೇ ಪೂಮ್ಸೆ ಮಾಡು ಮಗನೇ ಎಂದು ಅಲ್ಲಿದ್ದ ತರಬೇತುದಾರರು ಪ್ರೀತಿಯಿಂದಲೇ ಕೇಳಿದರು. ಹುಡುಗ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟ. ತಲೆ ತಗ್ಗಿಸಿದ. ಅವನದೇನು ತಪ್ಪು? ಕಲಿಸದೆ ಬೆಲ್ಟ್ ಕೊಟ್ಟವರ ತಪ್ಪು. ಆ ಹುಡುಗನಿಗೆ ಈಗ ಹಳದಿ ಬೆಲ್ಟ್‌ನಿಂದ ಮತ್ತೆ ಕಲಿಸುತ್ತಿದ್ದಾರೆ. ಸುಲಭವಲ್ಲ. ಆದರೆ ಅವನು ಬಿಟ್ಟಿಲ್ಲ, ಅಲ್‌ಹಮ್ದುಲಿಲ್ಲಾಹ್.

ಹಾಗಾಗಿ ಸೇರಿಸುವ ಮೊದಲು ಈ ಪ್ರಶ್ನೆಗಳನ್ನು ಕೇಳಿ. ತಿಂಗಳ ಶುಲ್ಕ ಎಷ್ಟು? ಬೆಲ್ಟ್ ಪರೀಕ್ಷೆಗೆ ಬೇರೆ ಎಷ್ಟು? ಸಮವಸ್ತ್ರ, ಎದೆಕವಚ, ತಲೆಕವಚ, ಕಾಲಿನ ಗಾರ್ಡ್ ನಾವೇ ಕೊಳ್ಳಬೇಕೆ, ತರಗತಿಯಲ್ಲಿ ಇವೆಯೆ? ಪರೀಕ್ಷೆಯಲ್ಲಿ ಪಾಸಾಗದ ಮಗುವಿಗೆ ಏನು ಮಾಡುತ್ತೀರಿ? 'ಯಾರೂ ಫೇಲಾಗುವುದಿಲ್ಲ' ಎಂಬ ಉತ್ತರ ಬಂದರೆ ಇನ್ನೊಂದು ತರಗತಿ ನೋಡಿ. ತರಬೇತುದಾರರ ಡಾನ್ ಪ್ರಮಾಣಪತ್ರ ಯಾರು ಕೊಟ್ಟದ್ದು ಎಂದು ಸಂಕೋಚವಿಲ್ಲದೆ ಕೇಳಿ. ಕುಕ್ಕಿವಾನ್ ಪ್ರಮಾಣಪತ್ರಕ್ಕೆ ಸಂಖ್ಯೆ ಇರುತ್ತದೆ, ಪರಿಶೀಲಿಸಬಹುದು. ಟೇಕ್ವಾಂಡೊದಲ್ಲಿ ಒಂದಕ್ಕಿಂತ ಹೆಚ್ಚು ಸಂಘಟನೆಗಳಿವೆ, ಪದ್ಧತಿಗಳೂ ಬೇರೆ ಬೇರೆ ಇವೆ. 1966ರಲ್ಲಿ ಹುಟ್ಟಿದ ಇನ್ನೊಂದು ಅಂತರರಾಷ್ಟ್ರೀಯ ಒಕ್ಕೂಟದ ಪಾಠಕ್ರಮವೂ ಬೇರೆ, ಸ್ಪರ್ಧೆಯ ನಿಯಮವೂ ಬೇರೆ. ಎರಡೂ ಒಳ್ಳೆಯದೇ. ಆದರೆ ಮಗು ಯಾವುದನ್ನು ಕಲಿಯುತ್ತಿದೆ, ಶಾಲಾ ಕ್ರೀಡಾಕೂಟಕ್ಕೆ ಯಾವುದು ನಡೆಯುತ್ತದೆ ಎಂಬುದು ನಿಮಗೆ ಮೊದಲೇ ಗೊತ್ತಿರಬೇಕು.

ದೇಹದ ವಿಷಯದಲ್ಲೂ ಎಚ್ಚರ ಬೇಕು. ಬೆಚ್ಚಗಾಗುವ ವ್ಯಾಯಾಮವಿಲ್ಲದೆ ಒದೆತ ಆರಂಭಿಸುವ ತರಗತಿ ಬೇಡ. ತಲೆಗೆ ಏಟು ಬಿದ್ದ ಮಗುವಿಗೆ ತಲೆನೋವು, ವಾಂತಿ, ಮಂಪರು ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ಅವರು ಹೇಳುವವರೆಗೆ ಮತ್ತೆ ಕಣಕ್ಕೆ ಇಳಿಸಬೇಡಿ. ಸ್ಪರ್ಧೆ ತೂಕದ ವಿಭಾಗದ ಮೇಲೆ ನಡೆಯುವುದರಿಂದ, ಎರಡು ಕೆ.ಜಿ. ಇಳಿಸು ಎಂದು ಬೆಳೆಯುವ ಮಗುವಿಗೆ ಊಟ, ನೀರು ಬಿಡಿಸುವವರೂ ಇದ್ದಾರೆ. ಅದಕ್ಕೆ ಒಪ್ಪಬೇಡಿ. ರಮಝಾನಿನಲ್ಲಿ ಉಪವಾಸವಿರುವ ಮಕ್ಕಳಿಗೆ ಓಟ, ಸ್ಪರ್ಧೆ ಬೇಡ. ಇಫ್ತಾರಿನ ನಂತರ ಹಗುರವಾಗಿ ಪೂಮ್ಸೆ ಮಾಡಿಸಿದರೆ ಸಾಕು. ತರಬೇತುದಾರರಿಗೆ ಮೊದಲೇ ಹೇಳಿದರೆ ಸಮಯ ಹೊಂದಿಸಿಕೊಡುತ್ತಾರೆ. ತರಗತಿಯ ಆರಂಭದಲ್ಲಿ ತಲೆಬಾಗಿ ವಂದಿಸುವ ಬಗ್ಗೆ ಕೆಲವು ಮನೆಗಳಲ್ಲಿ ಪ್ರಶ್ನೆ ಬರುತ್ತದೆ. ಕೊರಿಯಾದಲ್ಲಿ ಅದು ಒಬ್ಬರನ್ನೊಬ್ಬರು ಕಂಡಾಗ ತೋರುವ ಮರ್ಯಾದೆಯ ರೀತಿ. ನಿಮಗೆ ಸಂಕೋಚವಿದ್ದರೆ ಮಗುವನ್ನು ಸೇರಿಸುವ ದಿನವೇ ತರಬೇತುದಾರರೊಡನೆ ಕೂತು ಮಾತಾಡಿ. ಮಗುವನ್ನು ನಡುವೆ ನಿಲ್ಲಿಸಬೇಡಿ.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಬಂದ ಅರ್ಜಿಗಳನ್ನು ಮುಂದಿಟ್ಟುಕೊಂಡು ಮನೆಮನೆಗೆ ಹೋದಾಗ ಒಂದು ಸಂಗತಿ ಎದ್ದು ಕಂಡಿತು. ಮಕ್ಕಳು ಸೇರುವುದಕ್ಕೆ ಕಷ್ಟವಿಲ್ಲ. ಬಿಳಿ ಸಮವಸ್ತ್ರ ಹಾಕಿದ ಮಗುವನ್ನು ನೋಡಿ ಎಲ್ಲರಿಗೂ ಖುಷಿ. ಅಜ್ಜಿಯೂ ದುಡ್ಡು ಕೊಡುತ್ತಾರೆ, ಮಾವನೂ ಕೊಡುತ್ತಾರೆ. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿಯೂ ಸಿಗುತ್ತದೆ. ಅದು ಒಳ್ಳೆಯ ಆರಂಭ. ಮಕ್ಕಳು ಬಿಡುವುದು ಮಧ್ಯದಲ್ಲಿ: ಹಸಿರು ದಾಟಿ ನೀಲಿಗೆ ಬರುವ ಹೊತ್ತಿಗೆ. ಆಗ ಹೊಸತರ ಸಂಭ್ರಮ ಮುಗಿದಿರುತ್ತದೆ, ಪರೀಕ್ಷೆಯ ಶುಲ್ಕ ಏರಿರುತ್ತದೆ, ಕವಚ ಕೊಳ್ಳಬೇಕಾಗುತ್ತದೆ, ಶಾಲೆಯಲ್ಲಿ ಎಂಟನೇ, ಒಂಬತ್ತನೇ ತರಗತಿಯ ಪಾಠ ಹೆಚ್ಚಿರುತ್ತದೆ. ಗಂಡುಮಕ್ಕಳು ಅರೆಕೆಲಸಕ್ಕೆ ಹೋಗತೊಡಗುತ್ತಾರೆ. ಹೆಣ್ಣುಮಕ್ಕಳನ್ನು 'ದೊಡ್ಡವಳಾದಳು, ಇನ್ನು ಸಾಕು' ಎಂದು ಮನೆಯಲ್ಲಿ ನಿಲ್ಲಿಸುತ್ತಾರೆ. ಮೂರು ವರ್ಷ ಬೆಳೆಸಿದ ಗಿಡ ಹೂ ಬಿಡುವ ಮೊದಲೇ ಒಣಗುತ್ತದೆ.

ಎಂಟನೇ ತರಗತಿಯ ಒಬ್ಬಳು ಹುಡುಗಿಯ ಮನೆಗೆ ನಾವು ಹೋಗಿದ್ದೆವು. ನೀಲಿ ಬೆಲ್ಟ್. ತರಗತಿ ಬಿಟ್ಟು ಎರಡು ತಿಂಗಳಾಗಿತ್ತು. ತಂದೆ ಮೀನು ಮಾರುಕಟ್ಟೆಯಲ್ಲಿ ಕೆಲಸ ಮಾಡುವವರು, ಮಾತು ಕಡಿಮೆ. 'ಮೇಷ್ಟ್ರೇ, ನನಗೆ ಮಗಳ ಮೇಲೆ ಸಂಶಯವಿಲ್ಲ. ಸಂಜೆ ಏಳು ಗಂಟೆಗೆ ಒಬ್ಬಳೇ ಬರಬೇಕು, ಕಲಿಸುವವರು ಗಂಡಸರು, ಬಟ್ಟೆ ಹೇಗೋ ಏನೋ, ಊರವರ ಬಾಯಿ ಮುಚ್ಚಿಸುವುದು ಯಾರು?' ಎಂದರು. ತಾಯಿ ಬಾಗಿಲ ಹಿಂದಿನಿಂದ, 'ಅವಳು ರಾತ್ರಿ ಟೆರೇಸಿನ ಮೇಲೆ ಒಬ್ಬಳೇ ಮಾಡುತ್ತಾಳೆ ಸಾರ್' ಎಂದರು. ತಂದೆಗೆ ಅದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆ ತಂದೆಯ ಮಾತಿನಲ್ಲಿ ಹುರುಳಿತ್ತು. ಆದ್ದರಿಂದ ಉಪದೇಶ ಮಾಡುವ ಬದಲು ವ್ಯವಸ್ಥೆ ಮಾಡಲು ಹೊರಟೆವು. ತರಬೇತುದಾರರು ಹೆಣ್ಣುಮಕ್ಕಳ ತಂಡವನ್ನು ಭಾನುವಾರ ಬೆಳಿಗ್ಗೆಗೆ ಬದಲಿಸಿದರು. ಕೆಂಪು ಬೆಲ್ಟಿನ ಒಬ್ಬ ಕಾಲೇಜು ವಿದ್ಯಾರ್ಥಿನಿಯನ್ನು ಸಹಾಯಕ್ಕೆ ಇಟ್ಟುಕೊಂಡರು. ಇಬ್ಬರು ತಾಯಂದಿರು ಸರದಿಯಲ್ಲಿ ತರಗತಿಯಲ್ಲಿ ಕೂರುತ್ತಾರೆ. ಸಮವಸ್ತ್ರ ಸಡಿಲವಾದದ್ದೇ, ಮೈತುಂಬ ಬರುತ್ತದೆ. ಒಳಗೆ ಉದ್ದ ತೋಳಿನ ಬನಿಯನ್, ತಲೆಗೆ ಪಿನ್ ಇಲ್ಲದ ಕ್ರೀಡಾ ಸ್ಕಾರ್ಫ್. ಹುಡುಗಿ ಮರಳಿ ಬಂದಳು. ಹಣಕ್ಕಿಂತ ಮೊದಲು ಬೇಕಾಗಿದ್ದದ್ದು ಇದು.

ತಲೆವಸ್ತ್ರ ಧರಿಸಿ ಈ ಆಟ ಆಡಲು ಸಾಧ್ಯವೇ ಎಂದು ಕೇಳುವವರಿಗೆ ಒಂದು ಮಾತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 57 ಕೆ.ಜಿ. ವಿಭಾಗದ ಎರಡು ಕಂಚಿನ ಪದಕಗಳೂ ತಲೆವಸ್ತ್ರದ ಮೇಲೆ ತಲೆಕವಚ ತೊಟ್ಟು ಆಡಿದವರಿಗೆ ಹೋದವು. ಒಬ್ಬರು ಇರಾನಿನ ಕಿಮಿಯಾ ಅಲಿಝಾದೆ. ಆಗ ಅವರಿಗೆ 18 ವರ್ಷ. ಒಲಿಂಪಿಕ್ ಪದಕ ಗೆದ್ದ ಮೊದಲ ಇರಾನಿ ಮಹಿಳೆ ಅವರು. ಇನ್ನೊಬ್ಬರು ಈಜಿಪ್ಟಿನ ಹಿದಾಯಾ ಮಲಾಕ್. ಅವರು ಟೋಕಿಯೊದಲ್ಲಿ ಮತ್ತೊಂದು ಕಂಚು ಗೆದ್ದರು. ಅದೇ ರಿಯೊದಲ್ಲಿ ಜೋರ್ಡಾನಿನ ಅಹ್ಮದ್ ಅಬೂಗೌಷ್ ಚಿನ್ನ ಗೆದ್ದರು; ಆ ದೇಶಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಪದಕವೇ ಅದು. ಅಫ್ಘಾನಿಸ್ತಾನಕ್ಕೆ ಮೊದಲ ಒಲಿಂಪಿಕ್ ಪದಕ ತಂದವರೂ ಟೇಕ್ವಾಂಡೊದವರೇ: 2008ರ ಬೀಜಿಂಗ್‌ನಲ್ಲಿ ರೊಹುಲ್ಲಾ ನಿಕ್ಪಾಯಿ. ನಮ್ಮ ದೇಶದಿಂದ ಹರಿಯಾಣದ ಅರುಣಾ ತನ್ವರ್ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಟೇಕ್ವಾಂಡೊದಲ್ಲಿ ಭಾರತವನ್ನು ಪ್ರತಿನಿಧಿಸಿದ ಮೊದಲಿಗರಾದರು. ಜೋರ್ಡಾನಿನ ಅಝ್ರಕ್ ನಿರಾಶ್ರಿತರ ಶಿಬಿರದಲ್ಲಿ ಮನೆಮಠ ಕಳೆದುಕೊಂಡ ಸಿರಿಯಾದ ಮಕ್ಕಳು ಟೇಕ್ವಾಂಡೊ ಕಲಿತು ಕಪ್ಪು ಬೆಲ್ಟ್‌ವರೆಗೆ ಬಂದಿದ್ದಾರೆ. ನಾಳೆ ಎಲ್ಲಿರುತ್ತೇವೆ ಎಂದು ತಿಳಿಯದ ಮಕ್ಕಳಿಗೂ ಮುಂದಿನ ಮೆಟ್ಟಿಲು ಯಾವುದು ಎಂದು ಗೊತ್ತಿತ್ತು. ಏಣಿಯ ಬೆಲೆ ಅದು.

ನಮ್ಮ ಮಕ್ಕಳೆಲ್ಲ ಒಲಿಂಪಿಕ್ಸ್‌ಗೆ ಹೋಗಬೇಕು ಎಂದು ನಾವು ಹೇಳುತ್ತಿಲ್ಲ. ಕಪ್ಪು ಬೆಲ್ಟ್‌ನಿಂದ ಕೆಲಸ ಸಿಗುತ್ತದೆ ಎಂಬ ಆಸೆಯನ್ನೂ ಹುಟ್ಟಿಸುವುದಿಲ್ಲ. ಓದು ಓದೇ. ಆದರೆ ಒಂದು ಕೆಲಸವನ್ನು ಮೂರು ನಾಲ್ಕು ವರ್ಷ ಬಿಡದೆ ಮಾಡಿದ ಮಗುವಿಗೆ, ಪರೀಕ್ಷೆಯಲ್ಲಿ ಒಮ್ಮೆ ಎಡವಿ ಮತ್ತೆ ನಿಂತ ಮಗುವಿಗೆ, ಬಲ ಬಂದ ಮೇಲೆ ಕೈ ತಡೆದುಕೊಳ್ಳಲು ಕಲಿತ ಮಗುವಿಗೆ ಓದಿನಲ್ಲೂ ಅದು ಒದಗುತ್ತದೆ. ತರಗತಿಯಲ್ಲಿ ಹೇಳಿಕೊಡುವ ವಿನಯ, ಪ್ರಾಮಾಣಿಕತೆ, ಛಲ, ಆತ್ಮಸಂಯಮ, ಸೋಲೊಪ್ಪದ ಮನಸ್ಸು ನಮ್ಮ ಮನೆಗಳಿಗೆ ಹೊರಗಿನವಲ್ಲ. ಬಲಶಾಲಿ ಎಂದರೆ ಕುಸ್ತಿಯಲ್ಲಿ ಕೆಡವುವವನಲ್ಲ, ಕೋಪ ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನು ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದವರೇ.

ಆದ್ದರಿಂದ ಸಮಿತಿಯ ತೀರ್ಮಾನ ಹೀಗಿದೆ. ಝಕಾತಿನ ಹಣವನ್ನು ಇದಕ್ಕೆ ಮುಟ್ಟುವುದಿಲ್ಲ. ಅದು ಹಕ್ಕುದಾರರಿಗೇ ಸೇರಬೇಕು. ಕಾಲೇಜು ವಿದ್ಯಾರ್ಥಿವೇತನದಲ್ಲೂ ಒಂದು ರೂಪಾಯಿ ಕಡಿತವಿಲ್ಲ. ಕ್ರೀಡೆಗೆಂದೇ ದಾನಿಗಳು ಕೊಟ್ಟ ದೇಣಿಗೆಯಿಂದ ಮಾತ್ರ ಈ ನೆರವು. ಮೊದಲ ಸಮವಸ್ತ್ರ, ಮೊದಲ ಬೆಲ್ಟ್ ಪೋಷಕರೇ ನೋಡಿಕೊಳ್ಳಲಿ. ಹಸಿರು ಬೆಲ್ಟ್ ಪಡೆದು ಮುಂದುವರಿಯುವ ಮಗುವಿಗೆ ಪರೀಕ್ಷಾ ಶುಲ್ಕ ಮತ್ತು ರಕ್ಷಾಕವಚಗಳಿಗೆ ಟ್ರಸ್ಟ್ ನೆರವಾಗುತ್ತದೆ. ಹೆಣ್ಣುಮಕ್ಕಳ ಅರ್ಜಿಗಳಿಗೆ ಆದ್ಯತೆ. ಕವಚಗಳನ್ನು ಟ್ರಸ್ಟ್ ಕಚೇರಿಯಲ್ಲಿ ಇಟ್ಟು, ಗ್ರಂಥಾಲಯದ ಪುಸ್ತಕದಂತೆ ಕೊಟ್ಟು ಮರಳಿ ಪಡೆಯುವ ಏರ್ಪಾಡನ್ನೂ ಮಾಡುತ್ತಿದ್ದೇವೆ.

ಅರ್ಜಿಯ ಜೊತೆ ಶಾಲೆಯ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಈಗಿನ ಬೆಲ್ಟ್‌ನ ಪ್ರಮಾಣಪತ್ರದ ಪ್ರತಿ, ಹಾಜರಾತಿಯ ಬಗ್ಗೆ ತರಬೇತುದಾರರ ಪತ್ರ ಇರಲಿ. ಅಂಕ ಕಡಿಮೆ ಇದೆ ಎಂದು ಹೆದರಿ ಅರ್ಜಿ ಹಾಕದೆ ಇರಬೇಡಿ. ನಾವು ನೋಡುವುದು ಹಾಜರಾತಿ. ಶಾಲೆಯಲ್ಲೂ, ತರಬೇತಿಯಲ್ಲೂ ತಪ್ಪದೆ ಬರುವ ಮಗು ನಮಗೆ ಬೇಕು. ನಡುವೆ ಬಿಟ್ಟು ಮತ್ತೆ ಸೇರಲು ಬಯಸುವವರೂ ಅರ್ಜಿ ಹಾಕಬಹುದು.

ದಾನಿಗಳಲ್ಲಿ ಒಂದು ವಿನಂತಿ. ಉದ್ಘಾಟನೆಗೆ, ಬಹುಮಾನಕ್ಕೆ ಕೊಡುವವರು ಸಿಗುತ್ತಾರೆ. ಫೋಟೊ ಇಲ್ಲದ, ಚಪ್ಪಾಳೆ ಇಲ್ಲದ ಮೂರನೇ ವರ್ಷದ ಶುಲ್ಕಕ್ಕೆ ಕೊಡುವವರು ಕಡಿಮೆ. ಅದನ್ನು ಕೊಡಿ. ಮಕ್ಕಳೇ, ನಿಮಗೂ ಒಂದು ಮಾತು. ಗೆಳೆಯ ಮುಂದಿನ ಬೆಲ್ಟ್ ಕಟ್ಟಿದ ಎಂದು ಅವಸರ ಪಡಬೇಡಿ. ಕಟ್ಟಿದ ಬೆಲ್ಟ್‌ಗೆ ತಕ್ಕ ಕಲಿಕೆ ನಿಮ್ಮಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ತಾಯಂದಿರೇ, ತಂದೆಯಂದಿರೇ, ಮಗು ನೀಲಿ ಬೆಲ್ಟ್‌ಗೆ ಬಂದಿದೆಯೆಂದರೆ ಅರ್ಧಕ್ಕಿಂತ ಹೆಚ್ಚು ದಾರಿ ಬಂದಿದೆ. ನಿಲ್ಲಿಸುವ ಮೊದಲು ನಮಗೊಂದು ಮಾತು ತಿಳಿಸಿ. ನಾವು ನಿಮ್ಮ ಮನೆಗೆ ಬರುತ್ತೇವೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯ, ಜ್ಞಾನ, ತಾಳ್ಮೆ ಕರುಣಿಸಲಿ. ನಮ್ಮ ಈ ಸಣ್ಣ ಪ್ರಯತ್ನವನ್ನು ಸ್ವೀಕರಿಸಲಿ. ಆಮೀನ್. ಅಸ್ಸಲಾಮು ಅಲೈಕುಂ.